ಲಿಕ್ವಿಡ್ ಕೂಲರ್ ಪಂಪನ್ನು ಮದರ್‌ಬೋರ್ಡಿಗೆ ಜೋಡಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ದ್ರವ ಹರಿಸಿ ಪ್ರೊಸೆಸರನ್ನು ತಂಪಾಗಿಡುವ ಲಿಕ್ವಿಡ್ ಕೂಲರಿನ ಹೊಸ ಬಾಕ್ಸ್ ತೆರೆದವರು ಮೊದಲು ತಬ್ಬಿಬ್ಬಾಗುವುದು ವೈರುಗಳನ್ನು ನೋಡಿ. ರೇಡಿಯೇಟರ್ ಎಲ್ಲಿ ಕೂರುತ್ತದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಪ್ರೊಸೆಸರ್ ಮೇಲೆ ಥರ್ಮಲ್ ಪೇಸ್ಟ್ ಹಚ್ಚುವುದನ್ನು ಯಾರಾದರೂ ತೋರಿಸಿಕೊಡುತ್ತಾರೆ. ಆದರೆ ಪಂಪಿನಿಂದ ಇಳಿದ ಆ ಸಣ್ಣ ವೈರ್ ಯಾವ ಪಿನ್ನಿಗೆ ಹೋಗಬೇಕು ಅನ್ನುವಲ್ಲಿ ಎಲ್ಲರೂ ನಿಲ್ಲುತ್ತಾರೆ. ಹಾಗೆ ನಿಂತವರು ನನ್ನನ್ನು ಕೇಳಿದ ಪ್ರಶ್ನೆಗಳು ಇಲ್ಲಿವೆ.

ಓದುವ ಮುಂಚೆ ಒಂದು ಮಾತು ಮನಸ್ಸಿನಲ್ಲಿರಲಿ: ಪಂಪ್ ಅಂದರೆ ಫ್ಯಾನ್ ಅಲ್ಲ. ಕನೆಕ್ಟರ್ ಒಂದೇ ಥರ ಇರುವುದರಿಂದ ಮದರ್‌ಬೋರ್ಡ್ ಅದನ್ನು ಫ್ಯಾನ್ ಅಂತಲೇ ತಿಳಿಯುತ್ತದೆ. ತೊಂದರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹುಟ್ಟುವುದು ಅಲ್ಲೇ.

ಪಂಪಿನಿಂದ ಇಷ್ಟೊಂದು ವೈರ್ ಬಂದಿದೆ. ಯಾವುದು ಏನು?

ಕೂಲರ್ ಮಾದರಿ ನೋಡಿಕೊಂಡು ಒಂದರಿಂದ ನಾಲ್ಕೈದು ವೈರ್ ಇರುತ್ತವೆ. ತುದಿಯ ಕನೆಕ್ಟರ್ ನೋಡಿದರೆ ಗುರುತು ಹಿಡಿಯಬಹುದು.

3 ಅಥವಾ 4 ತೂತಿನ ಸಣ್ಣ ಫ್ಯಾನ್ ಕನೆಕ್ಟರ್ ಇದ್ದರೆ ಅದು ಪಂಪಿನ ವೈರ್. ಮದರ್‌ಬೋರ್ಡಿನ ಫ್ಯಾನ್ ಹೆಡರ್‌ಗೆ, ಅಂದರೆ ಬೋರ್ಡಿನ ಮೇಲೆ ಎದ್ದು ನಿಂತ ಪಿನ್ನುಗಳ ಗುಂಪಿಗೆ ಹೋಗುತ್ತದೆ. ಅಗಲವಾಗಿ, ಚಪ್ಪಟೆಯಾಗಿ, ಒಳಗೆ ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಸೀಳು ಇದ್ದರೆ ಅದು ಸಾಟಾ ಪವರ್. ಅದು ಬೋರ್ಡಿಗಲ್ಲ, ಪವರ್ ಸಪ್ಲೈಗೆ. ಎರಡು ಸಾಲಿನಲ್ಲಿ 9 ಪಿನ್ ಜಾಗ ಇರುವುದು ಯುಎಸ್‌ಬಿ 2.0 ಒಳ ಹೆಡರ್‌ಗೆ. ನಾಲ್ಕು ಪಿನ್ ಜಾಗದಲ್ಲಿ ಒಂದು ಬಿಟ್ಟು ಮೂರೇ ತೂತು ಇದ್ದರೆ ಅದು 5 ವೋಲ್ಟಿನ ಎಆರ್‌ಜಿಬಿ ಲೈಟ್ ವೈರ್.

ನೋಡಲು ಹತ್ತಿರ ಹತ್ತಿರ ಕಾಣುವುದು ಪಂಪ್ ವೈರ್ ಮತ್ತು ಲೈಟ್ ವೈರ್ ಮಾತ್ರ. ಪಂಪ್ ಕನೆಕ್ಟರಿನ ಪಕ್ಕದಲ್ಲಿ ಉದ್ದಕ್ಕೆ ಎರಡು ಸಣ್ಣ ಏಣುಗಳಿರುತ್ತವೆ. ಲೈಟ್ ಕನೆಕ್ಟರಿನಲ್ಲಿ ಅವು ಇರುವುದಿಲ್ಲ.

ಪಂಪ್ ವೈರನ್ನು ಯಾವ ಹೆಡರ್‌ಗೆ ಸಿಕ್ಕಿಸಬೇಕು?

ಬೋರ್ಡಿನ ಮೇಲೆ ಪಂಪ್ ಅಂತ ಬರೆದ ಹೆಡರ್ ಇದ್ದರೆ ಅಲ್ಲಿಗೆ. ಬರೆಯುವ ರೀತಿ ಮಾತ್ರ ಒಬ್ಬೊಬ್ಬರದು ಒಂದೊಂದು. ಏಸೂಸ್ ಬೋರ್ಡುಗಳಲ್ಲಿ ಎಐಒ_ಪಂಪ್ ಅಂತ ಇರುತ್ತದೆ (ಎಐಒ ಅಂದರೆ ಆಲ್-ಇನ್-ಒನ್, ಎಲ್ಲ ಸೇರಿಸಿಯೇ ಬರುವ ಸಿದ್ಧ ಕೂಲರ್). ಎಂಎಸ್‌ಐ ಬೋರ್ಡುಗಳಲ್ಲಿ ಪಂಪ್_ಫ್ಯಾನ್1 ಅಥವಾ ಪಂಪ್_ಸಿಸ್1. ಗಿಗಾಬೈಟ್ ಬೋರ್ಡುಗಳಲ್ಲಿ ಸಿಸ್_ಫ್ಯಾನ್ ಹೆಸರಿನ ಕೊನೆಗೆ ಪಂಪ್ ಅಂತ ಸೇರಿಸಿರುತ್ತಾರೆ. ಎಎಸ್‌ರಾಕ್ ಬೋರ್ಡಿನಲ್ಲಿ ಡಬ್ಲ್ಯುಪಿ ಅನ್ನುವ ಎರಡು ಅಕ್ಷರ ಇರುತ್ತದೆ. ವಾಟರ್ ಪಂಪ್ ಅನ್ನುವುದರ ಚಿಕ್ಕ ರೂಪ ಅದು.

ಈ ಹೆಡರ್ ಒಳಗೆ ಬೇರೆ ಥರದ ಪಿನ್ನುಗಳೇನೂ ಇಲ್ಲ. ಎರಡೇ ವ್ಯತ್ಯಾಸ. ಒಂದು, ಬಹಳಷ್ಟು ಬೋರ್ಡುಗಳು ಇದನ್ನು ಮೊದಲಿನಿಂದಲೇ ಫುಲ್ ಸ್ಪೀಡಿಗೆ ಇಟ್ಟಿರುತ್ತವೆ. ಎರಡು, ಕೆಲವು ಬೋರ್ಡುಗಳಲ್ಲಿ ಇದು ಮಾಮೂಲಿ ಹೆಡರ್‌ಗಿಂತ ಜಾಸ್ತಿ ಕರೆಂಟ್ ಕೊಡುತ್ತದೆ. ಅಂದರೆ ಪಂಪಿಗೆ ಬೇಕಾದದ್ದು ಹೆಡರಿನ ಹೆಸರಲ್ಲ. ತಡೆಯಿಲ್ಲದ 12 ವೋಲ್ಟ್, ಮತ್ತು ತಾನು ನಿಂತರೆ ಗಮನಿಸುವವರು ಒಬ್ಬರು. ಇವೆರಡೂ ಸಿಗುವ ಯಾವ ಹೆಡರ್ ಆದರೂ ಆಗುತ್ತದೆ.

ನನ್ನ ಬೋರ್ಡಿನಲ್ಲಿ ಪಂಪ್ ಅಂತ ಎಲ್ಲೂ ಬರೆದಿಲ್ಲ. ಈಗ?

ಚಿಂತೆ ಬೇಡ. ಸಿಪಿಯು_ಫ್ಯಾನ್ ಹೆಡರ್‌ಗೆ ಪಂಪ್ ಹಾಕಿ, ಬಯಾಸ್‌ಗೆ, ಅಂದರೆ ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ ಹೋಗಿ ಅದನ್ನು ಫುಲ್ ಸ್ಪೀಡಿಗೆ ಇಡಿ. ಇದರಲ್ಲಿ ಒಂದು ಒಳ್ಳೆಯ ಗುಣ ಇದೆ. ಸಿಪಿಯು_ಫ್ಯಾನ್ ಹೆಡರನ್ನು ಬೋರ್ಡ್ ಸದಾ ಗಮನಿಸುತ್ತಿರುತ್ತದೆ. ಪಂಪ್ ತಿರುಗದಿದ್ದರೆ ಮುಂದಿನ ಸಲ ಆನ್ ಮಾಡುವಾಗಲೇ ಎಚ್ಚರಿಕೆ ತೋರಿಸುತ್ತದೆ. ಪಂಪ್ ಹೆಡರ್ ಇದ್ದರೂ ಈ ಒಂದು ಕಾರಣಕ್ಕೆ ಸಿಪಿಯು_ಫ್ಯಾನ್‌ಗೇ ಹಾಕುವವರಿದ್ದಾರೆ. ಅದೂ ಸರಿಯೇ.

ಸಿಪಿಯು_ಆಪ್ಟ್ ಅನ್ನುವ ಹೆಚ್ಚುವರಿ ಸಿಪಿಯು ಫ್ಯಾನ್ ಹೆಡರ್ ಬಗ್ಗೆ ಸ್ವಲ್ಪ ಹುಷಾರು. ಕೆಲವು ಬೋರ್ಡುಗಳಲ್ಲಿ ಅದಕ್ಕೆ ಸ್ವಂತ ಸೆಟ್ಟಿಂಗ್ ಇರುವುದಿಲ್ಲ. ಸಿಪಿಯು_ಫ್ಯಾನ್ ನಿಧಾನವಾದರೆ ಅದೂ ನಿಧಾನವಾಗುತ್ತದೆ. ಅಲ್ಲಿ ಪಂಪ್ ಹಾಕಿ, ಸಿಪಿಯು_ಫ್ಯಾನ್‌ಗೆ ರೇಡಿಯೇಟರ್ ಫ್ಯಾನ್ ಹಾಕಿದರೆ, ಫ್ಯಾನ್ ಸದ್ದು ಕಡಿಮೆ ಮಾಡಲು ಹೋಗಿ ಪಂಪನ್ನೂ ಕುಂಠಿಸಿದ ಹಾಗಾಗುತ್ತದೆ. ನಿಮ್ಮ ಬೋರ್ಡಿನ ಮ್ಯಾನ್ಯುಯಲ್ ಒಮ್ಮೆ ತೆರೆದು ನೋಡಿ.

ಪಂಪ್ ಕನೆಕ್ಟರಿಗೆ 3 ತೂತು, ಬೋರ್ಡಿನಲ್ಲಿ 4 ಪಿನ್. ಹೊಂದುತ್ತಾ?

ಹೊಂದುತ್ತದೆ. ಹೆಡರಿನ ಹಿಂದೆ ಒಂದು ಪ್ಲಾಸ್ಟಿಕ್ ನಾಲಿಗೆ ನಿಂತಿರುತ್ತದೆ. ಕನೆಕ್ಟರಿನ ಎರಡು ಏಣುಗಳ ನಡುವೆ ಆ ನಾಲಿಗೆ ಬರುವ ಹಾಗೆ ಇಳಿಸಿ. ನಾಲ್ಕನೇ ಪಿನ್ ಖಾಲಿ ಉಳಿಯುತ್ತದೆ, ಉಳಿಯಲಿ. ಬಲವಂತ ಮಾಡದೆ ಇಳಿಯದಿದ್ದರೆ ತಿರುಗಿಸಿ ಹಿಡಿದಿದ್ದೀರಿ ಅಂತ ಅರ್ಥ.

ಆ ನಾಲ್ಕು ಪಿನ್ನುಗಳು ಏನು ಮಾಡುತ್ತವೆ?

ಮೊದಲನೆಯದು ಗ್ರೌಂಡ್. ಎರಡನೆಯದು 12 ವೋಲ್ಟ್. ಮೂರನೆಯದು ಟ್ಯಾಕೋ, ಅಂದರೆ ಪಂಪ್ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಬೋರ್ಡಿಗೆ ತಿಳಿಸುವ ವೈರ್. ಸಾಮಾನ್ಯವಾಗಿ ಒಂದು ಸುತ್ತಿಗೆ ಎರಡು ಮಿಡಿತ ಕಳಿಸುತ್ತದೆ. ಬೋರ್ಡ್ ಅದನ್ನು ಎಣಿಸಿ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ತೋರಿಸುತ್ತದೆ. ನಾಲ್ಕನೆಯದು ಪಿಡಬ್ಲ್ಯುಎಂ. ಎಷ್ಟು ವೇಗ ಬೇಕು ಅಂತ ಬೋರ್ಡ್ ಹೇಳುವುದು ಇದರ ಮೂಲಕ. ಸುಮಾರು 25 ಕಿಲೋಹರ್ಟ್ಸ್ ವೇಗದಲ್ಲಿ ಆನ್ ಆಫ್ ಆಗುವ ಸಂಕೇತ ಇದು.

ಮೂರನೇ ಪಿನ್ ಬೋರ್ಡಿಗೆ ಸುದ್ದಿ ತರುತ್ತದೆ, ನಾಲ್ಕನೇ ಪಿನ್ ಬೋರ್ಡಿನ ಅಪ್ಪಣೆ ಒಯ್ಯುತ್ತದೆ. ಇಷ್ಟು ಗೊತ್ತಿದ್ದರೆ ಮುಂದಿನದ್ದೆಲ್ಲ ಸಲೀಸು.

ಬಯಾಸ್‌ನಲ್ಲಿ ಡಿಸಿ, ಪಿಡಬ್ಲ್ಯುಎಂ, ಆಟೋ ಅಂತ ಕೇಳುತ್ತದೆ. ಪಂಪಿಗೆ ಯಾವುದು?

ಇಲ್ಲಿ ಅವಸರ ಮಾಡಬೇಡಿ. ಇಡೀ ಜೋಡಣೆಯಲ್ಲಿ ಮುಖ್ಯವಾದ ಜಾಗ ಇದೇ.

ಡಿಸಿ ಮೋಡಿನಲ್ಲಿ ಬೋರ್ಡ್ ವೋಲ್ಟೇಜನ್ನೇ ಕಡಿಮೆ ಮಾಡುತ್ತದೆ. 12 ಇದ್ದದ್ದು 7 ಆಗಬಹುದು, ಇನ್ನೂ ಕೆಳಗೂ ಹೋಗಬಹುದು. ಫ್ಯಾನಿಗೆ ಇದರಿಂದ ತೊಂದರೆ ಇಲ್ಲ, ಸುಮ್ನೆ ನಿಧಾನವಾಗುತ್ತದೆ. ಪಂಪ್ ಹಾಗಲ್ಲ. ಅದು ದ್ರವವನ್ನು ಸಣ್ಣ ಸಂದುಗಳ ಮೂಲಕ ತಳ್ಳಬೇಕು. ವೋಲ್ಟೇಜ್ ಬಿದ್ದರೆ ತಡವರಿಸುತ್ತದೆ, ಕೆಲವು ಸಲ ನಿಂತೇ ಹೋಗುತ್ತದೆ. ಪಿಡಬ್ಲ್ಯುಎಂ ಮೋಡಿನಲ್ಲಿ 12 ವೋಲ್ಟ್ ಸದಾ ಪೂರ್ತಿ ಇರುತ್ತದೆ. ವೇಗದ ಮಾತೆಲ್ಲ ನಾಲ್ಕನೇ ಪಿನ್ನಿನದು.

ನಿಮ್ಮದು 3 ಪಿನ್ ಪಂಪ್ ಆದರೆ ಹೆಡರನ್ನು ಪಿಡಬ್ಲ್ಯುಎಂ ಮೋಡಿಗೆ ಇಡಿ. ಓದಲು ವಿಚಿತ್ರ ಅನಿಸಬಹುದು, ಪಂಪಿಗೆ ನಾಲ್ಕನೇ ವೈರೇ ಇಲ್ಲವಲ್ಲ ಅಂತ. ಅದಕ್ಕೇ ಇದು ಕೆಲಸ ಮಾಡುತ್ತದೆ. ನಿಧಾನ ಆಗು ಅಂತ ಬೋರ್ಡ್ ಎಷ್ಟು ಹೇಳಿದರೂ ಪಂಪಿಗೆ ಕೇಳಿಸುವುದಿಲ್ಲ. 12 ವೋಲ್ಟ್ ಮಾತ್ರ ತಪ್ಪದೆ ಸಿಗುತ್ತದೆ. ಇಲ್ಲವೇ ಡಿಸಿ ಮೋಡಿನಲ್ಲೇ ಇಟ್ಟು ವೇಗವನ್ನು 100 ಪರ್ಸೆಂಟ್ ಮಾಡಿ. ಎರಡರಲ್ಲೂ ಸಿಗುವುದು ಒಂದೇ ಫಲ. ಆಟೋ ಮಾತ್ರ ಬೇಡ. ಮೂರೇ ವೈರ್ ಇರುವುದನ್ನು ಕಂಡು ಬೋರ್ಡ್ ತಾನಾಗಿಯೇ ಡಿಸಿಗೆ ಹೊರಳುತ್ತದೆ, ಮಾಮೂಲಿ ಫ್ಯಾನಿನ ಲೆಕ್ಕದಲ್ಲಿ ವೋಲ್ಟೇಜ್ ಇಳಿಸುತ್ತದೆ.

4 ಪಿನ್ ಪಂಪ್ ಆದರೆ ಪಿಡಬ್ಲ್ಯುಎಂ ಮೋಡೇ ಸರಿ. ಡಿಸಿಗೆ ಇಡಲೇಬೇಡಿ. ಅದರೊಳಗಿನ ಸರ್ಕ್ಯೂಟಿಗೂ ಪೂರ್ತಿ 12 ವೋಲ್ಟ್ ಬೇಕು.

ನಾನು ಮೊದಲ ಸಲ ಲಿಕ್ವಿಡ್ ಕೂಲರ್ ಹಾಕಿದಾಗ ವೈರ್ ಸುಲಭವಾಗಿ ಮುಟ್ಟಿತು ಅಂತ ಬೋರ್ಡಿನ ಕೆಳಗಿದ್ದ ಕೇಸ್ ಫ್ಯಾನ್ ಹೆಡರ್‌ಗೆ ಪಂಪ್ ಸಿಕ್ಕಿಸಿದ್ದೆ. ಆ ಹೆಡರ್ ಆಟೋದಲ್ಲಿತ್ತು. ಸುಮ್ಮನೆ ಇದ್ದಾಗ ಎಲ್ಲ ಚೆನ್ನಾಗಿತ್ತು. ವಿಡಿಯೋ ಎಕ್ಸ್‌ಪೋರ್ಟ್‌ಗೆ ಇಟ್ಟರೆ ಪ್ರೊಸೆಸರ್ 90 ಡಿಗ್ರಿ ದಾಟುತ್ತಿತ್ತು. ಎರಡು ಸಲ ಪೇಸ್ಟ್ ಒರೆಸಿ ಹೊಸದಾಗಿ ಹಚ್ಚಿದೆ. ಇನ್ನೊಂದು ಫ್ಯಾನ್ ಕೂಡ ತಂದು ಹಾಕಿದೆ. ಕೊನೆಗೆ ಬಯಾಸ್‌ನಲ್ಲಿ ಪಂಪಿನ ಆರ್‌ಪಿಎಂ ನೋಡಿದರೆ ಮ್ಯಾನ್ಯುಯಲ್ ಹೇಳಿದ್ದರ ಅರ್ಧ ಇತ್ತು. ಫುಲ್ ಸ್ಪೀಡಿಗೆ ಇಟ್ಟೆ. ಅದೇ ವಿಡಿಯೋ, ಅದೇ ಎಕ್ಸ್‌ಪೋರ್ಟ್, 70ರ ಆಸುಪಾಸಿನಲ್ಲಿ ನಿಂತಿತು. ಅವತ್ತಿನಿಂದ ಯಾರ ಕಂಪ್ಯೂಟರ್ ಬಿಸಿ ಅಂದರೂ ನಾನು ಮೊದಲು ಕೇಳುವುದು ಪಂಪ್ ಎಷ್ಟು ಆರ್‌ಪಿಎಂ ತೋರಿಸುತ್ತಿದೆ ಅಂತಲೇ.

ಆ ಸೆಟ್ಟಿಂಗ್ ಬಯಾಸ್‌ನಲ್ಲಿ ಎಲ್ಲಿರುತ್ತದೆ?

ಏಸೂಸ್‌ನಲ್ಲಿ ಕ್ಯೂ-ಫ್ಯಾನ್ ಕಂಟ್ರೋಲ್. ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್. ಎಂಎಸ್‌ಐನಲ್ಲಿ ಹಾರ್ಡ್‌ವೇರ್ ಮಾನಿಟರ್. ಎಎಸ್‌ರಾಕ್‌ನಲ್ಲಿ ಫ್ಯಾನ್-ಟಾಸ್ಟಿಕ್ ಟ್ಯೂನಿಂಗ್. ಒಳಗೆ ಹೋಗಿ ಮೊದಲು ಸರಿಯಾದ ಹೆಡರ್ ಆರಿಸಿ, ಆಮೇಲೆ ಫುಲ್ ಸ್ಪೀಡ್ ಒತ್ತಿ, ಸೇವ್ ಮಾಡಿ ಹೊರಗೆ ಬನ್ನಿ. ಫ್ಯಾನುಗಳನ್ನು ತಾನೇ ಪರೀಕ್ಷೆ ಮಾಡಿ ಹೊಂದಿಸುವ ಟ್ಯೂನಿಂಗ್ ಆಯ್ಕೆಯೂ ಅಲ್ಲಿರುತ್ತದೆ. ಅದನ್ನು ಪಂಪ್ ಇರುವ ಹೆಡರ್ ಮೇಲೆ ಓಡಿಸಬೇಡಿ. ಕಡಿಮೆ ಎಷ್ಟಕ್ಕೆ ನಿಲ್ಲುತ್ತದೆ ಅಂತ ಹುಡುಕುವುದೇ ಆ ಪರೀಕ್ಷೆಯ ಕೆಲಸ.

ಯಾವಾಗಲೂ ಫುಲ್ ಸ್ಪೀಡಿನಲ್ಲಿ ಓಡಿದರೆ ಪಂಪ್ ಬೇಗ ಸವೆಯಲ್ವಾ?

ಈ ಅಂಜಿಕೆ ಸಹಜ. ಆದರೆ ಈ ಪಂಪುಗಳನ್ನು ಮಾಡಿರುವುದೇ ಬಿಡುವಿಲ್ಲದೆ ತಿರುಗಲು. ಒಳಗಿನ ಬೇರಿಂಗಿಗೆ ಎಣ್ಣೆ ಹಾಕುವುದಿಲ್ಲ, ಹರಿಯುವ ದ್ರವವೇ ಅದಕ್ಕೆ ಜಿಡ್ಡು. ಕಡಿಮೆ ವೋಲ್ಟೇಜಿನಲ್ಲಿ ನಿಂತು ಹೊರಟು, ನಿಂತು ಹೊರಡುವುದಕ್ಕಿಂತ ಒಂದೇ ಸಮನೆ ಓಡುವುದು ಅದಕ್ಕೆ ಹಿತ.

ಸದ್ದು ತಡೆಯಲಾಗದಿದ್ದರೆ 4 ಪಿನ್ ಪಂಪಿನಲ್ಲಿ ಮಾತ್ರ ವೇಗವನ್ನು 70, 80 ಪರ್ಸೆಂಟಿಗೆ ತನ್ನಿ. ಏರುಪೇರು ಬೇಡ, ಒಂದೇ ಮಟ್ಟದಲ್ಲಿ ನಿಲ್ಲಿಸಿ. ಆಮೇಲೆ ಭಾರದ ಕೆಲಸ ಕೊಟ್ಟು ಬಿಸಿ ಎಷ್ಟೇರುತ್ತದೆ ನೋಡಿ. ಬಹಳ ಸಲ ಎರಡು ಮೂರು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬರುವುದಿಲ್ಲ, ಸದ್ದು ಮಾತ್ರ ಚೆನ್ನಾಗಿ ಇಳಿಯುತ್ತದೆ.

ಪಂಪಿಗೆ ಸಾಟಾ ಪವರ್ ಕೊಟ್ಟಿದ್ದೇನೆ. ಆದರೂ ಬೋರ್ಡಿಗೆ ಒಂದು ವೈರ್ ಯಾಕೆ?

ಆ ವೈರನ್ನು ಹತ್ತಿರದಿಂದ ನೋಡಿ. ಕನೆಕ್ಟರ್ 3 ತೂತಿನದಾದರೂ ಒಳಗೆ ಒಂದೇ ತಂತಿ ಹೋಗಿರುತ್ತದೆ. ಅದು ಟ್ಯಾಕೋ. ಕೋರ್ಸೇರ್, ಎನ್‌ಝಡ್‌ಎಕ್ಸ್‌ಟಿಯ ಬಹಳಷ್ಟು ಕೂಲರುಗಳು ಈ ರೀತಿ. ಕರೆಂಟ್ ಸಾಟಾದಿಂದ, ವೇಗದ ಅಪ್ಪಣೆ ಯುಎಸ್‌ಬಿಯಿಂದ. ಬೋರ್ಡಿಗೆ ಹೋಗುವುದು ನಾನು ತಿರುಗುತ್ತಿದ್ದೇನೆ ಅನ್ನುವ ಸುದ್ದಿ ಮಾತ್ರ.

ಇದನ್ನು ಸಿಪಿಯು_ಫ್ಯಾನ್‌ಗೆ ಹಾಕಿ. ಹಾಕದಿದ್ದರೂ ಪಂಪ್ ಓಡುತ್ತದೆ. ಆದರೆ ಒಂದು ದಿನ ಅದು ನಿಂತರೆ ಬೋರ್ಡಿಗೆ ಗೊತ್ತಾಗುವ ದಾರಿ ಇರುವುದಿಲ್ಲ. ಒಂದು ಸಣ್ಣ ವೈರಿಗೆ ಸೋಮಾರಿತನ ಮಾಡಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಇಂಥ ಪಂಪಿಗೆ ಬಯಾಸ್‌ನಲ್ಲಿ ವೇಗ ಬದಲಿಸಿದರೆ ಏನೂ ಆಗುವುದಿಲ್ಲ, ಅದು ಸರಿಯೇ. ಅಪ್ಪಣೆ ಹೋಗುವ ವೈರ್ ಅಲ್ಲಿಲ್ಲ.

ನನ್ನ ಕೂಲರಿಗೆ ಇರುವುದು ಒಂದೇ ವೈರ್. ಉಳಿದದ್ದು ಕಳೆದುಹೋಯಿತಾ?

ಇಲ್ಲ. ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್ 2 ಇಂಥದ್ದು. ಪಂಪ್, ರೇಡಿಯೇಟರ್ ಫ್ಯಾನುಗಳು, ಪಂಪಿನ ಮೇಲಿನ ಪುಟ್ಟ ಫ್ಯಾನ್, ಎಲ್ಲ ಸೇರಿ ಒಂದೇ 4 ಪಿನ್ ವೈರಿನಲ್ಲಿ ಬರುತ್ತವೆ. ಅದನ್ನು ಸಿಪಿಯು_ಫ್ಯಾನ್‌ಗೆ ಹಾಕಿ, ಪಿಡಬ್ಲ್ಯುಎಂ ಮೋಡಿನಲ್ಲಿಡಿ. ಇಲ್ಲಿ ಫುಲ್ ಸ್ಪೀಡ್ ಸೂತ್ರ ನಡೆಯುವುದಿಲ್ಲ, ಫ್ಯಾನುಗಳೂ ಕೂಗುತ್ತವೆ. ಬಿಸಿಗೆ ತಕ್ಕಂತೆ ವೇಗ ಏರಿಸಿ ಇಳಿಸುವ ಬೋರ್ಡಿನ ಮಾಮೂಲಿ ಕರ್ವ್ ಸಾಕು. ಕಡಿಮೆ ಸಂಕೇತ ಬಂದರೂ ನಿಲ್ಲದ ಹಾಗೆ ಆ ಪಂಪನ್ನು ಮಾಡಿದ್ದಾರೆ, 800ರಿಂದ 2000 ಆರ್‌ಪಿಎಂ ನಡುವೆ ಓಡುತ್ತದೆ. ಅದರ ಮುಂದಿನ ಮಾದರಿ ಲಿಕ್ವಿಡ್ ಫ್ರೀಜರ್ 3ರಲ್ಲಿ ಮೂರನ್ನೂ ಬೇರೆ ಬೇರೆ ಹೆಡರಿಗೆ ಹಾಕಲು ಇನ್ನೊಂದು ಕೇಬಲ್ಲನ್ನೂ ಕೊಡುತ್ತಾರೆ.

ರೇಡಿಯೇಟರ್ ಫ್ಯಾನುಗಳನ್ನು ಎಲ್ಲಿ ಹಾಕಲಿ?

ಪಂಪ್ ತನ್ನ ಹೆಡರಿನಲ್ಲಿದ್ದರೆ ಫ್ಯಾನುಗಳು ಸಿಪಿಯು_ಫ್ಯಾನ್‌ಗೆ. ಪಂಪ್ ಅಲ್ಲಿದ್ದರೆ ಫ್ಯಾನುಗಳನ್ನು ಕೇಸ್ ಫ್ಯಾನ್ ಹೆಡರಿಗೆ ಹಾಕಿ, ಬಯಾಸ್‌ನಲ್ಲಿ ಆ ಹೆಡರ್ ಪ್ರೊಸೆಸರಿನ ಬಿಸಿಯನ್ನು ನೋಡುವ ಹಾಗೆ ಬದಲಿಸಿ. ಎರಡು ಮೂರು ಫ್ಯಾನ್ ಇದ್ದರೆ ಬಾಕ್ಸಿನಲ್ಲಿ ಬಂದ ಸ್ಪ್ಲಿಟರ್, ಅಂದರೆ ಒಂದು ಹೆಡರನ್ನು ಹಲವು ಫ್ಯಾನಿಗೆ ಹಂಚುವ ಕವಲು ವೈರ್ ಬಳಸಿ.

ಇನ್ನೊಂದು ವಿಷಯ. ಪ್ರೊಸೆಸರಿನ ಬಿಸಿ ಒಂದೇ ಸೆಕೆಂಡಿನಲ್ಲಿ 20 ಡಿಗ್ರಿ ಹಾರಬಹುದು. ಒಳಗಿನ ದ್ರವ ಕಾಯಲು ನಿಮಿಷಗಳೇ ಬೇಕು. ಫ್ಯಾನ್ ತಂಪು ಮಾಡುವುದು ದ್ರವವನ್ನು. ಹಾಗಾಗಿ ಬ್ರೌಸರ್ ತೆರೆದಾಗಲೆಲ್ಲ ಫ್ಯಾನ್ ಗುಯ್ ಅನ್ನುವುದರಿಂದ ಪ್ರಯೋಜನವೇನೂ ಇಲ್ಲ. ಬಯಾಸ್‌ನಲ್ಲಿ ಸ್ಟೆಪ್ ಅಪ್ ಅಥವಾ ಸ್ಮೂದಿಂಗ್ ಅನ್ನುವ ಸಮಯ ಇರುತ್ತದೆ, ಅದನ್ನು ಹೆಚ್ಚಿಸಿ. ಕೋಣೆ ಎಷ್ಟು ಶಾಂತವಾಗುತ್ತದೆ ನೋಡಿ.

ಪಂಪನ್ನೂ ಫ್ಯಾನನ್ನೂ ಸ್ಪ್ಲಿಟರ್ ಹಾಕಿ ಒಂದೇ ಹೆಡರಿಗೆ ಕೊಡಬಹುದಾ?

ಬೇಡ. ಎರಡಕ್ಕೂ ಬೇಕಾದ ವೇಗ ಬೇರೆ. ಜೊತೆಗೆ ಸ್ಪ್ಲಿಟರಿನಲ್ಲಿ ಒಂದು ಕವಲಿನ ಟ್ಯಾಕೋ ಮಾತ್ರ ಬೋರ್ಡಿಗೆ ತಲುಪುತ್ತದೆ. ಫ್ಯಾನಿನ ಆರ್‌ಪಿಎಂ ನೋಡಿ ಪಂಪ್ ಸರಿಯಾಗಿದೆ ಅಂತ ನಂಬಿ ಕೂರುವ ಅಪಾಯ ಇದೆ. ಕೇಸಿನ ಜೊತೆ ಬರುವ ಫ್ಯಾನ್ ಹಬ್, ಅಂದರೆ ಹಲವು ಫ್ಯಾನ್ ಸೇರಿಸುವ ಸಣ್ಣ ಬೋರ್ಡಿಗೂ ಇದೇ ಮಾತು. ಫ್ಯಾನ್ ಸದ್ದು ಕಡಿಮೆ ಮಾಡಲು ಕೊಡುವ ಸಣ್ಣ ರೆಸಿಸ್ಟರ್ ವೈರನ್ನಂತೂ ಪಂಪಿಗೆ ಹಾಕಲೇಬಾರದು.

ಹೆಡರ್ ಎಷ್ಟು ಕರೆಂಟ್ ಕೊಡಬಲ್ಲದು?

ಮಾಮೂಲಿ ಹೆಡರ್ 1 ಆಂಪಿಯರ್, ಅಂದರೆ 12 ವ್ಯಾಟ್. ಪಂಪ್ ಹೆಡರುಗಳಲ್ಲಿ ಹಲವು 2 ಅಥವಾ 3 ಆಂಪಿಯರ್ ಕೊಡುತ್ತವೆ, ಆದರೆ ಎಲ್ಲವೂ ಅಲ್ಲ. ಸರಿಯಾದ ಅಂಕಿ ಬೋರ್ಡಿನ ಮ್ಯಾನ್ಯುಯಲ್ಲಿನಲ್ಲಿರುತ್ತದೆ. ಸಿದ್ಧ ಕೂಲರುಗಳ ಪಂಪ್ ಸಾಮಾನ್ಯವಾಗಿ ಅರ್ಧ ಆಂಪಿಯರ್ ಒಳಗೇ ಮುಗಿಸುತ್ತದೆ, ಹಾಗಾಗಿ 1 ಆಂಪಿಯರ್ ಹೆಡರ್ ಸಾಕು. ಖಚಿತಕ್ಕೆ ಪಂಪಿನ ಮೇಲಿನ ಸ್ಟಿಕ್ಕರ್ ಓದಿ.

ಆನ್ ಮಾಡಿದರೆ ಸಿಪಿಯು ಫ್ಯಾನ್ ಎರರ್, ಎಫ್1 ಒತ್ತಿ ಅಂತ ಬರುತ್ತಿದೆ. ಕೂಲರ್ ಕೆಟ್ಟಿತಾ?

ಬಹಳ ಸಲ ಇಲ್ಲ. ಸಿಪಿಯು_ಫ್ಯಾನ್ ಹೆಡರಿನಿಂದ ಟ್ಯಾಕೋ ಸುದ್ದಿ ಬರುತ್ತಿಲ್ಲ ಅನ್ನುವುದಷ್ಟೇ ಆ ಮಾತಿನ ಅರ್ಥ. ಪಂಪನ್ನು ಎಐಒ_ಪಂಪ್‌ಗೆ, ಫ್ಯಾನುಗಳನ್ನು ಹಬ್ಬಿಗೆ ಹಾಕಿ ಸಿಪಿಯು_ಫ್ಯಾನನ್ನು ಖಾಲಿ ಬಿಟ್ಟವರಿಗೆ ಇದು ಹೆಚ್ಚಾಗಿ ಬರುತ್ತದೆ. ಅಲ್ಲಿಗೆ ಒಂದು ರೇಡಿಯೇಟರ್ ಫ್ಯಾನನ್ನೋ ಪಂಪಿನ ಟ್ಯಾಕೋ ವೈರನ್ನೋ ಹಾಕಿದರೆ ಹೋಗುತ್ತದೆ.

ಫ್ಯಾನ್ ತೀರಾ ನಿಧಾನವಾಗಿ ತಿರುಗಿದರೂ ಈ ಎಚ್ಚರಿಕೆ ಬರುತ್ತದೆ. ಬಯಾಸ್‌ನಲ್ಲಿ ಕನಿಷ್ಠ ವೇಗದ ಮಿತಿ ಇರುತ್ತದೆ, ಅದನ್ನು 200 ಆರ್‌ಪಿಎಂಗೆ ಇಳಿಸಿ. ಅಲ್ಲೇ ಇಗ್ನೋರ್ ಅನ್ನುವ ಆಯ್ಕೆಯೂ ಸಿಗುತ್ತದೆ. ಎಚ್ಚರಿಕೆಯ ಗಂಟೆಯನ್ನೇ ಕಿತ್ತು ಹಾಕಿದ ಹಾಗೆ ಅದು. ಬೇರೆ ಯಾವ ದಾರಿಯೂ ಇಲ್ಲದಿದ್ದರೆ ಮಾತ್ರ ಒತ್ತಿ.

ಪಂಪ್ ನಿಜವಾಗಿ ಓಡುತ್ತಿದೆ ಅಂತ ಹೇಗೆ ತಿಳಿಯುವುದು?

ಲೈಟ್ ಉರಿಯುತ್ತಿದೆ ಅಂತ ನಂಬಬೇಡಿ. ಲೈಟಿನ ಕರೆಂಟ್ ಬೇರೆ, ಪಂಪಿನ ಕರೆಂಟ್ ಬೇರೆ.

ಮೊದಲು ಬಯಾಸ್‌ಗೆ ಹೋಗಿ ಪಂಪ್ ಹಾಕಿದ ಹೆಡರಿನ ಆರ್‌ಪಿಎಂ ನೋಡಿ. ಬಹುತೇಕ ಪಂಪುಗಳು 2000ದಿಂದ 3000ದ ಆಚೀಚೆ ತೋರಿಸುತ್ತವೆ. ಕೂಲರಿನ ಮ್ಯಾನ್ಯುಯಲ್ ಹೇಳುವ ಅಂಕಿಗೆ ಹತ್ತಿರ ಇದ್ದರೆ ಸಮಾಧಾನ. ಹಾಗೇ ಐದು ನಿಮಿಷ ಬಯಾಸ್‌ನಲ್ಲೇ ಕುಳಿತು ಪ್ರೊಸೆಸರಿನ ಬಿಸಿಯನ್ನು ಗಮನಿಸಿ. 35ರಿಂದ 50 ಡಿಗ್ರಿಯ ಒಳಗೆ ಎಲ್ಲೋ ನಿಂತರೆ ದ್ರವ ಹರಿಯುತ್ತಿದೆ. ನಿಲ್ಲದೆ 60, 70, 80 ಅಂತ ಏರುತ್ತಲೇ ಹೋದರೆ ತಕ್ಷಣ ಆಫ್ ಮಾಡಿ.

ಆಮೇಲೆ ಕೈಯಿಂದ ಪರೀಕ್ಷೆ. ಪಂಪಿನ ಮೇಲೆ ಬೆರಳಿಟ್ಟರೆ ಸಣ್ಣ ನಡುಕ ತಿಳಿಯಬೇಕು. ಕಂಪ್ಯೂಟರಿಗೆ ಹತ್ತು ನಿಮಿಷ ಭಾರದ ಕೆಲಸ ಕೊಟ್ಟು ಎರಡೂ ಟ್ಯೂಬುಗಳನ್ನು ಮುಟ್ಟಿ ನೋಡಿ. ಎರಡೂ ಬೆಚ್ಚಗಿರಬೇಕು, ರೇಡಿಯೇಟರೂ ಬೆಚ್ಚಗಾಗಬೇಕು. ಪ್ರೊಸೆಸರ್ 90ರ ಮೇಲೆ ಇದ್ದು ರೇಡಿಯೇಟರ್ ತಣ್ಣಗಿದ್ದರೆ ಬಿಸಿ ಅಲ್ಲಿಗೆ ತಲುಪುತ್ತಲೇ ಇಲ್ಲ. ಒಂದೋ ಪಂಪ್ ನಿಂತಿದೆ, ಇಲ್ಲವೇ ಪ್ರೊಸೆಸರಿಗೂ ಕೂಲರಿಗೂ ಸರಿಯಾಗಿ ಅಂಟಿಲ್ಲ. ತಳದ ಪ್ಲಾಸ್ಟಿಕ್ ಹಾಳೆ ತೆಗೆಯದೆ ಕೂರಿಸಿದವರನ್ನೂ ನೋಡಿದ್ದೇನೆ. ಅದನ್ನೂ ಪರೀಕ್ಷಿಸಿ.

ಆಪರೇಟಿಂಗ್ ಸಿಸ್ಟಮ್ ಒಳಗಿಂದ ನೋಡಲು ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೋ, ಲಿನಕ್ಸ್‌ನಲ್ಲಿ ಎಲ್ಎಂ-ಸೆನ್ಸರ್ಸ್ ಸಾಕು.

ಪಂಪ್ ಓಡುತ್ತಿದೆ, ತಂಪೂ ಇದೆ. ಆದರೆ ಆರ್‌ಪಿಎಂ ಸೊನ್ನೆ ತೋರಿಸುತ್ತಿದೆ.

ಟ್ಯಾಕೋ ವೈರ್ ಸಡಿಲ ಇರಬಹುದು. ಅಥವಾ ನೀವು ಬೇರೆ ಹೆಡರಿನ ಅಂಕಿ ನೋಡುತ್ತಿರಬಹುದು. ಬಹಳ ಸಲ ಆಗುವುದು ಎರಡನೆಯದೇ. ಯುಎಸ್‌ಬಿ ಮಾದರಿಯಾದರೆ ಕಂಪನಿಯ ಸಾಫ್ಟ್‌ವೇರಿನಲ್ಲೂ ಒಮ್ಮೆ ನೋಡಿ.

ಪಂಪ್ ಜೋಡಿಸದೆ ಒಂದೇ ಸಲ ಆನ್ ಮಾಡಿ ಡಿಸ್‌ಪ್ಲೇ ಬರುತ್ತಾ ನೋಡಬಹುದಾ?

ಕೂಲರ್ ಪ್ರೊಸೆಸರ್ ಮೇಲೆ ಕೂತಿದ್ದರೆ ಕೆಲವು ಸೆಕೆಂಡು ಆನ್ ಮಾಡಿದ ಮಾತ್ರಕ್ಕೆ ಸುಟ್ಟುಹೋಗುವುದಿಲ್ಲ. ಈಗಿನ ಪ್ರೊಸೆಸರುಗಳು ತಮ್ಮನ್ನು ತಾವು ಕಾಪಾಡಿಕೊಳ್ಳುತ್ತವೆ. ಎಎಂಡಿ ರೈಜೆನ್ 7000 ಸಾಲಿನ ಬಹುತೇಕ ಪ್ರೊಸೆಸರುಗಳಿಗೆ 95 ಡಿಗ್ರಿ, ಇಂಟೆಲ್‌ನ ಈಚಿನ ಹಲವಕ್ಕೆ 100 ಡಿಗ್ರಿ ಮಿತಿ. ಅಲ್ಲಿಗೆ ಬಂದರೆ ವೇಗ ಇಳಿಸುತ್ತವೆ, ಆಮೇಲೂ ಏರಿದರೆ ಆಫ್ ಆಗುತ್ತವೆ. ಆದರೂ ಯಾಕೆ ಬೇಕು? ವೈರ್ ಸಿಕ್ಕಿಸಲು ಅರ್ಧ ನಿಮಿಷ ಸಾಕು.

ಗುಳುಗುಳು ಸದ್ದು ಬರುತ್ತಿದೆ. ವೈರಿನ ತೊಂದರೆಯಾ?

ಅಲ್ಲ, ಅದು ಗಾಳಿ. ಒಳಗೆ ಸ್ವಲ್ಪ ಗಾಳಿ ಯಾವಾಗಲೂ ಇರುತ್ತದೆ, ಅದು ಎತ್ತರದ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಆ ಎತ್ತರದ ಜಾಗ ಪಂಪ್ ಆಗಬಾರದು. ರೇಡಿಯೇಟರ್ ಕೇಸಿನ ಚಾವಣಿಯಲ್ಲಿದ್ದರೆ ಸಮಸ್ಯೆಯೇ ಇಲ್ಲ. ಮುಂದುಗಡೆ ಇದ್ದರೆ ಅದರ ಮೇಲಿನ ಅಂಚು ಪಂಪಿಗಿಂತ ಮೇಲಿರಲಿ. ಕೇಸಿನ ತಳದಲ್ಲಿ ರೇಡಿಯೇಟರ್ ಇಟ್ಟರೆ ಗಾಳಿಯೆಲ್ಲ ಪಂಪಿಗೇ ಸೇರುತ್ತದೆ, ಹಾಗೆ ಇಡಬೇಡಿ. ಹೊಸ ಕೂಲರಿನಲ್ಲಿ ಮೊದಲ ದಿನ ಸದ್ದು ಬಂದರೆ ಕೇಸನ್ನು ಮೆಲ್ಲಗೆ ಆಚೀಚೆ ವಾಲಿಸಿ. ಗಾಳಿ ಜಾಗ ಬಿಟ್ಟು ಸದ್ದು ನಿಲ್ಲುತ್ತದೆ.

ಲೈಟ್ ವೈರ್ ತಪ್ಪು ಹೆಡರಿಗೆ ಹೋದರೆ?

5 ವೋಲ್ಟಿನ ಲೈಟಿಗೆ 12 ವೋಲ್ಟ್ ಕೊಟ್ಟರೆ ಸುಟ್ಟುಹೋಗುತ್ತದೆ, ವಾಪಸ್ ಬರುವುದಿಲ್ಲ. 3 ಪಿನ್ನಿನದು 5 ವೋಲ್ಟ್, ಪೂರ್ತಿ 4 ಪಿನ್ನಿನದು 12 ವೋಲ್ಟ್. ಸಿಕ್ಕಿಸುವ ಮುಂಚೆ ಬೋರ್ಡಿನ ಮೇಲೆ ಬರೆದದ್ದನ್ನು ಟಾರ್ಚ್ ಹಿಡಿದು ಓದಿ.

ಹಳೆಯ ಪವರ್ ಸಪ್ಲೈನ ಸಾಟಾ ಕೇಬಲ್ ಇದೆ. ಹೊಸ ಪವರ್ ಸಪ್ಲೈಗೆ ಅದನ್ನೇ ಹಾಕಲಾ?

ಖಂಡಿತ ಬೇಡ. ಕಳಚಿ ಹಾಕುವ ಕೇಬಲ್ಲುಗಳಲ್ಲಿ ಪವರ್ ಸಪ್ಲೈ ಕಡೆಯ ತುದಿಗೆ ಎಲ್ಲರೂ ಒಪ್ಪಿದ ಒಂದು ನಿಯಮ ಇಲ್ಲ. ತುದಿ ಹೊಂದುತ್ತದೆ, ಒಳಗಿನ ತಂತಿಗಳ ಕ್ರಮ ಬೇರೆ ಇರುತ್ತದೆ. 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋದರೆ ಪಂಪಿನ ಜೊತೆ ಅದೇ ಕೇಬಲ್ಲಿನಲ್ಲಿರುವ ಡಿಸ್ಕ್ ಕೂಡ ಹೋಗುತ್ತದೆ, ಒಳಗಿನ ಫೋಟೋ, ಫೈಲುಗಳ ಸಮೇತ. ಅದೇ ಪವರ್ ಸಪ್ಲೈ ಜೊತೆ ಬಂದ ಕೇಬಲ್ ಮಾತ್ರ ಬಳಸಿ.

ಬಿಡಿ ಭಾಗ ಸೇರಿಸಿ ಕಸ್ಟಮ್ ಲೂಪ್ ಮಾಡುತ್ತಿದ್ದೇನೆ. ಡಿ5 ಪಂಪನ್ನೂ ಹೀಗೇ ಜೋಡಿಸಬಹುದಾ?

ಡಿ5 ದೊಡ್ಡ ಪಂಪ್. ಪೂರ್ತಿ ವೇಗದಲ್ಲಿ 20 ವ್ಯಾಟ್ ದಾಟುತ್ತದೆ. 1 ಆಂಪಿಯರ್ ಹೆಡರಿಗೆ ಅದು ಹೊರೆ. ಅದಕ್ಕೇ ಅದರ ಕರೆಂಟ್ ವೈರ್ ನೇರವಾಗಿ ಪವರ್ ಸಪ್ಲೈನ ಮೋಲೆಕ್ಸ್ ಅಥವಾ ಸಾಟಾಗೆ ಹೋಗುತ್ತದೆ. ಬೋರ್ಡಿಗೆ ಟ್ಯಾಕೋ ಮತ್ತು ಪಿಡಬ್ಲ್ಯುಎಂ ತಂತಿಗಳು ಮಾತ್ರ.

ಖಾಲಿ ಪಂಪನ್ನು ಒಂದು ಕ್ಷಣವೂ ಓಡಿಸಬೇಡಿ. ದ್ರವ ಇಲ್ಲದಿದ್ದರೆ ಬೇರಿಂಗ್ ಒಣಗಿ ಉಜ್ಜುತ್ತದೆ. ರಿಸರ್ವಾಯರ್, ಅಂದರೆ ದ್ರವದ ಪುಟ್ಟ ತೊಟ್ಟಿ ತುಂಬಿದ ಮೇಲೆ, ಬೋರ್ಡಿಗೆ ಕರೆಂಟ್ ಕೊಡದೆ ಪಂಪ್ ಮಾತ್ರ ಓಡಿಸಿ, ಎಲ್ಲೂ ಸೋರುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಬೋರ್ಡ್ ಇಲ್ಲದೆಯೇ ಪವರ್ ಸಪ್ಲೈ ಆನ್ ಮಾಡಲು ಅದರ 24 ಪಿನ್ನಿಗೆ ಹಾಕುವ ಜಂಪರ್ ಇದಕ್ಕೆಂದೇ ಸಿಗುತ್ತದೆ. ಬೋರ್ಡಿನಲ್ಲಿ ಟಿ_ಸೆನ್ಸರ್ ಅನ್ನುವ 2 ಪಿನ್ ಹೆಡರ್ ಇದ್ದರೆ ದ್ರವದ ಬಿಸಿ ಅಳೆಯುವ ಸೆನ್ಸರ್ ಒಂದನ್ನು ಲೂಪಿಗೆ ಸೇರಿಸಿ. ಫ್ಯಾನುಗಳನ್ನು ಪ್ರೊಸೆಸರಿನ ಬಿಸಿಗಿಂತ ಇದಕ್ಕೆ ಹೊಂದಿಸುವುದು ಎಷ್ಟೋ ಮೇಲು.

ಎಲ್ಲ ಸರಿಯಾಗಿತ್ತು, ಬಯಾಸ್ ಅಪ್‌ಡೇಟ್ ಮಾಡಿದ ಮೇಲೆ ಬಿಸಿ ಏರುತ್ತಿದೆ. ಯಾಕೆ?

ಅಪ್‌ಡೇಟ್ ಮಾಡಿದಾಗ ಹಳೆಯ ಸೆಟ್ಟಿಂಗುಗಳು ಅಳಿಸಿ ಹೋಗುತ್ತವೆ. ಪಂಪ್ ಹಾಕಿದ ಹೆಡರ್ ಮತ್ತೆ ಆಟೋಗೆ ಬಂದಿರಬಹುದು. ಬೋರ್ಡಿನ ಗುಂಡು ಬ್ಯಾಟರಿ ತೆಗೆದಾಗ, ಸಿಮಾಸ್ ಕ್ಲಿಯರ್ ಮಾಡಿದಾಗಲೂ (ಬಯಾಸ್ ಸೆಟ್ಟಿಂಗುಗಳನ್ನು ಅಳಿಸಿದಾಗಲೂ) ಹೀಗೇ. ಸರಿಯಾಗಿ ಓಡುತ್ತಿರುವಾಗಲೇ ಬಯಾಸ್ ಪುಟದ ಒಂದು ಫೋಟೋ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ, ಪಂಪಿನ ಮೋಡ್ ಮತ್ತು ಆರ್‌ಪಿಎಂ ಎರಡೂ ಕಾಣುವ ಹಾಗೆ. ಮುಂದೆ ಯಾವತ್ತು ಅನುಮಾನ ಬಂದರೂ ಅದರ ಪಕ್ಕ ಇಟ್ಟು ಹೋಲಿಸಿದರೆ ಬದಲಾದದ್ದು ಏನು ಅಂತ ಕೂಡಲೇ ಕಾಣುತ್ತದೆ.